ಬಸ್ಸಮ್ಮ ಹಾಕದ ಮದ್ದು

"ಪುಕ್ಕಟೆ ಯಾಕ ಮಾಡೀರಿ ಇದನ್ನ?" ಎಂದು ಕೇಳಿದಳು ಬಂಡೆಮ್ಮ. ಡಾಕ್ಟರು ತನ್ನ ಮುಂದೆ ಸರಿಸಿದ ಕಾಗದವನ್ನು ಅವಳು ಇನ್ನೂ ಮುಟ್ಟಿರಲಿಲ್ಲ.

"ಸಂಶೋಧನೆ ನಡದದ ಯವ್ವಾ. ಇಂಥಾ ಮನಿತನ ಸಿಕ್ಕರ ರಕ್ತದ ಪರೀಕ್ಷಾಕ್ಕ ಖರ್ಚು ಅದನ್ನ ನಡಸೋರs ಕೊಡತಾರ" ಎಂದರು ಡಾಕ್ಟರ್ ಅನ್ವರಿ ಬೇಗಂ.

"ಎಂಥಾ ಮನಿತನ?"

ರಾಯಚೂರಿನ ಆ ಆಸ್ಪತ್ರೆಗೆ ಬಂಡೆಮ್ಮ ಮೊದಲು ಬಂದದ್ದು ನಾಲ್ಕು ತಿಂಗಳ ಹಿಂದೆ. ಬೆನ್ನು ನೋವು, ಹರಳಾಗಿರಬೇಕು ಎಂದುಕೊಂಡಿದ್ದಳು. ಸ್ಕ್ಯಾನಿನಲ್ಲಿ ಹರಳು ಕಾಣಲಿಲ್ಲ, ಎಡ ಮೂತ್ರಪಿಂಡದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಆಪರೇಷನ್ ಆಯಿತು. ಕ್ಯಾನ್ಸರ್ ಹೌದು, ಆದರೆ ಬೇಗ ಸಿಕ್ಕಿದೆ, ಎಲ್ಲಿಯೂ ಹರಡಿಲ್ಲ ಎಂದರು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಈ ಡಾಕ್ಟರಮ್ಮ ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಅಪ್ಪ ಏನಾಗಿ ಸತ್ತ, ಅಣ್ಣ ಏನಾಗಿ ಸತ್ತ, ಆಗ ಅವರಿಗೆ ವಯಸ್ಸೆಷ್ಟು ಎಂದು ಪೊಲೀಸರಂತೆ ಕೇಳತೊಡಗಿದ್ದರು. ಮಾನ್ವಿಯವರೇ ಆದ್ದರಿಂದ ಮಾತು ತನ್ನದೇ ಮಾತಿನ ಹಾಗಿತ್ತು. ತನ್ನ ಮಾತನ್ನೇ ಆಡಿ ಒಳಗಿನದನ್ನು ಕೆದಕುತ್ತಾರೆ ಎಂದು ಬಂಡೆಮ್ಮನ ಸಂಶಯ ಅದರಿಂದಲೇ ಇನ್ನಷ್ಟು ಹೆಚ್ಚಿತ್ತು. ಕೊನೆಗೆ ಎರಡು ಸೀಸೆ ರಕ್ತ ತೆಗೆದುಕೊಂಡು ಹೈದರಾಬಾದಿಗೆ ಕಳಿಸಿದ್ದರು. ಈಗ ಅದರ ಉತ್ತರ ಬಂದಿತ್ತು.

"ನೀವು ಕುರಿ ಸಾಕೋ ಮಂದಿ. ಕುರಿಗೆ ಬಣ್ಣ ಹಚ್ಚತೀರಲ್ಲ?" ಎಂದರು ಡಾಕ್ಟರು.

"ಹಚ್ಚತೀವಿ. ಜಡ್ಡು ಬಂದದ್ದಕ್ಕ ಒಂದು, ಮಾರಾಕ ಇಟ್ಟಿದ್ದಕ್ಕ ಒಂದು."

"ಮೈಯಾಗಿನ ಒಂದೊಂದು ಕಣದಾಗೂ ಒಂದು ಎಳಿ ಇರತದ. ಅಪ್ಪ ಅವ್ವನಿಂದ ಬಂದದ್ದು ಅದರಾಗs ಇರತದ. ಆ ಎಳಿ ದಿನಾ ಎಲ್ಲೋ ಒಂದು ಕಡಿ ಹರೀತದ. ಎಲ್ಲರಿಗೂ ಹರೀತದ. ಹರದಲ್ಲಿ ಮೈ ತಾನs ಒಂದು ಗುರ್ತು ಹಾಕ್ತದ. ಆಮ್ಯಾಲ ಹೊತ್ತಿಗೆ ಸರಿಯಾಗಿ ಆ ಗುರ್ತು ಅಳಿಸಬೇಕು. ಅಳಿಸಿದರ ರಿಪೇರಿ ಸುದ್ದ ಆಗತದ. ಗುರ್ತು ಅಳಿಸಾಕ ಅಂತ ಮೈಯಾಗ ಕೆಲವು ಕಿಣ್ವ ಅದಾವ, ಕೆಲಸಗಾರ್ರು ಇದ್ದಂಗ. ಅದರಾಗ ಒಬ್ಬಂವ ನಿಮ್ಮ ಮನಿತನದಾಗ ಹುಟ್ಟಿನಿಂದ ಅರೆಬರೆ. ಹರದದ್ದು ಹರದಂಗ ಉಳೀತದ. ವರ್ಷಾನುಗಟ್ಟಲೆ ಹಂಗ ಉಳದು ಎಲ್ಲೋ ಒಂದು ಕಡಿ ಗಡ್ಡಿ ಏಳತದ. ನಿಮ್ಮಪ್ಪಗ ಎದಿಯಾಗ ನೀರು ತುಂಬಿತ್ತಂತ ಅಂದ್ರಿ. ನಿಮ್ಮ ಅಣ್ಣಗ ಕಣ್ಣಾಗ. ನಿಮಗ ಇಲ್ಲಿ. ಮೂರೂ ಬ್ಯಾರೆ ಅಲ್ಲ, ಒಂದs ಬೇರಿನವು."

ಬಂಡೆಮ್ಮ ಮುಂದಿದ್ದ ಕಾಗದವನ್ನು ಕೈಗೆತ್ತಿಕೊಂಡಳು. ಆಮೇಲೆ, "ಅಂದ್ರ ನಮ್ಮ ಅಣ್ಣಗ ಯಾರೂ ಏನೂ ತಿನ್ನಿಸಿರಲಿಲ್ಲ?" ಎಂದಳು.

"ಏನು ತಿನ್ನಿಸೋದು?"

ಅವಳು ಕಾಗದವನ್ನು ತಿರುಗಿಸಿ ನೋಡಿದಳು. ಡಾಕ್ಟರು ಅವಳ ಮುಖವನ್ನೇ ನೋಡುತ್ತಿದ್ದು, "ನಿಮ್ಮ ಮಗಗ ಪರೀಕ್ಷಾ ಆಗಬೇಕು. ಅಣ್ಣಗ ಮಕ್ಕಳು ಅದಾರೇನು?" ಎಂದರು.

"ಒಬ್ಬಾಕಿ ಮಗಳು. ದೇವದುರ್ಗದಾಗ. ಅವರಿಗೂ ನಮಗೂ ಮಾತಿಲ್ಲ."

"ಮಾತಾಡ್ರಿ. ಆಕಿಗೆ ಬಂದಿರೋ ಸಾಧ್ಯತಾ ಅರ್ಧಕ್ಕರ್ಧ. ಮೊದಲs ಗೊತ್ತಾದರ ವರ್ಷಕ್ಕೆರಡು ಸಲ ಕಣ್ಣು ನೋಡಬಹುದು, ಹೊಟ್ಟಿ ಸ್ಕ್ಯಾನ್ ಮಾಡಬಹುದು. ನಿಮ್ಮ ಅಣ್ಣಗ ಆ ಅವಕಾಶ ಸಿಗಲಿಲ್ಲ."

ತವರೂ ಗಂಡನ ಮನೆಯೂ ಇದ್ದ ತನ್ನೂರು ಕುರ್ಡಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಬಂಡೆಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ತುರುಕಿದಳು.

ಅಣ್ಣ ಸೂಗಪ್ಪ ಸತ್ತು ಆರು ವರ್ಷವಾಗಿತ್ತು. ಮೊದಲು ಬಲಗಣ್ಣಿನ ಮುಂದೆ ಪರದೆ ಬಂದ ಹಾಗಾಯಿತು. ಹೈದರಾಬಾದಿನಲ್ಲಿ ಕಣ್ಣನ್ನೇ ತೆಗೆದರು. ಎರಡು ವರ್ಷ ಚೆನ್ನಾಗಿದ್ದ, ಆಮೇಲೆ ಹೊಟ್ಟೆ ಉಬ್ಬಿತು, ಮೈ ಹಳದಿಯಾಯಿತು. ನಲವತ್ತೆರಡು ವರ್ಷದ ಗಟ್ಟಿಮುಟ್ಟಾದ ಗಂಡಸು ಹಾಗೆ ಕರಗಿಹೋಗಲು ಊರಿಗೆ ಒಂದೇ ಕಾರಣ ತಿಳಿದಿತ್ತು. ಹೆಂಡತಿ ಬಸ್ಸಮ್ಮ ಮದ್ದು ಹಾಕಿದ್ದಾಳೆ, ಊಟದಲ್ಲಿ ದಿನಕ್ಕಿಷ್ಟು ಕಲಸಿ ಕೊಟ್ಟಿದ್ದಾಳೆ. ಆ ಮಾತನ್ನು ಮೊದಲು ಆಡಿದವಳು ಬಂಡೆಮ್ಮನ ತಾಯಿ ತಿಮ್ಮವ್ವ. ಆದರೆ ಅದಕ್ಕೆ ಸಾಕ್ಷಿ ಹುಡುಕಿದವಳು ಬಂಡೆಮ್ಮ. ದಿನಕರ್ಮ ಮುಗಿದ ಮರುದಿನ ಅತ್ತಿಗೆಯ ಟ್ರಂಕು ತೆಗೆದು, ಸೀರೆಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಬೇರನ್ನು ಹೊರತೆಗೆದು, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರ ಮುಂದೆ ಇಟ್ಟಿದ್ದಳು. ಬಸ್ಸಮ್ಮ ಕೈಯಲ್ಲಿ ಬೀರಪ್ಪನ ಭಂಡಾರದ ಅರಿಸಿನ ಹಿಡಿದು ಆಣೆ ಮಾಡಿದಳು. ಯಾರೂ ನಂಬಲಿಲ್ಲ. ಹದಿನಾಲ್ಕು ವರ್ಷದ ಮಗಳು ರಾಧಾಳನ್ನು ಕರೆದುಕೊಂಡು ಅವಳು ದೇವದುರ್ಗದ ತವರಿಗೆ ಹೋದಳು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ಸಿದ್ರಾಮ ಕುರಿಹಟ್ಟಿಯ ಬಾಗಿಲಲ್ಲೇ ನಿಂತುಬಿಟ್ಟ.

"ಪುಕ್ಕಟೆ ರಕ್ತ ತಗಂಡು, ನಿಮ್ಮ ವಂಶಾನs ಕೆಟ್ಟದ್ದು ಅಂತ ಕಾಗದ ಕೊಟ್ಟಾರ. ನೀ ನಂಬಿದಿ. ನಾಳಿಗೆ ಇನ್ನೊಂದು ಗುಳಿಗಿ ಮಾರಾಕ ಬರತಾರ ನೋಡು."

"ಗುಳಿಗಿ ಏನೂ ಹೇಳಿಲ್ಲ. ವಿನೋದನ ರಕ್ತ ಕೇಳ್ಯಾರ."

"ಲೇ, ಬಾಯಿ ಮುಚ್ಚು. ಕಲ್ಮಲದವರು ಮುಂದಿನ ತಿಂಗಳ ನಿಶ್ಚಯಕ್ಕ ಬರಾಕತ್ತಾರ. ಇದು ಅವರ ಕಿವಿಗೆ ಬಿದ್ದರ ಹೆಣ್ಣು ಕೊಡತಾರೇನು?"

ಮಗ ವಿನೋದ ಮೋಟಾರ್‌ಸೈಕಲ್ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ನನಗ ತಿಳಕೊಳ್ಳೋದು ಬ್ಯಾಡ ಯವ್ವಾ" ಎಂದಷ್ಟೇ ಅಂದ.

ಬಂಡೆಮ್ಮನಿಗೂ ಗಂಡನ ಮಾತು ಸರಿಯೇ ಇರಬಹುದು ಅನ್ನಿಸುತ್ತಿತ್ತು. ಡಾಕ್ಟರು ಹೇಳಿದ ಕಿಣ್ವವನ್ನು ಅವಳು ಕಂಡಿಲ್ಲ; ಬೇರನ್ನು ಕೈಯಾರೆ ಹಿಡಿದಿದ್ದಳು. ಕಣ್ಣಿಗೆ ಕಾಣದ್ದನ್ನು ನಂಬಿ, ಕಂಡದ್ದನ್ನು ಬಿಡುವುದು ಹೇಗೆ? ಆದರೂ ಎರಡು ದಿನ ಅವಳು ಆ ಕಾಗದವನ್ನು ಚೀಲದಿಂದ ತೆಗೆದು ಮತ್ತೆ ತುರುಕುತ್ತಲೇ ಇದ್ದಳು. ಅಪ್ಪನ ಹಾಗೆ ಕೂಡುಹುಬ್ಬಿದ್ದ, ನಕ್ಕರೆ ಸೂಗಪ್ಪನೇ ನಕ್ಕಂತಾಗುತ್ತಿದ್ದ ರಾಧಾಳ ಕಣ್ಣುಗಳು ಮತ್ತೆ ಮತ್ತೆ ನೆನಪಾಗುತ್ತಿದ್ದವು. ಮೂರನೆಯ ದಿನ, ಹೊಲಿಗೆ ಹಾಕಿದಲ್ಲಿ ನೋವಿದೆ, ತೋರಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ರಾಯಚೂರಿಗೆ ಬಂದು, ಅಲ್ಲಿಂದ ದೇವದುರ್ಗದ ಬಸ್ಸು ಹತ್ತಿದಳು.

ಬಸ್ಸಮ್ಮನ ಮನೆ ಹುಡುಕಲು ತಡವಾಗಲಿಲ್ಲ. "ರೊಟ್ಟಿ ಬಸ್ಸಮ್ಮನ ಮನ್ಯೇನು?" ಎಂದು ಮೂವರು ದಾರಿ ತೋರಿಸಿದರು. ಬಾಗಿಲ ಪಕ್ಕದ ತಗಡಿನ ಚಪ್ಪರದಲ್ಲಿ ಎರಡು ಒಲೆ ಉರಿಯುತ್ತಿದ್ದವು. ಬಸ್ಸಮ್ಮ ಜೋಳದ ಹಿಟ್ಟು ಬಡಿಯುತ್ತಿದ್ದಳು. ಖಾನಾವಳಿಗಳಿಗೆ ಹೋಗುವ ರೊಟ್ಟಿಗಳು ಬುಟ್ಟಿಯಲ್ಲಿ ಎದೆಯೆತ್ತರಕ್ಕೆ ಏರಿದ್ದವು. ಬಂಡೆಮ್ಮನನ್ನು ಕಂಡು ಅವಳ ಕೈ ನಿಂತಿತು. ಎದ್ದವಳೇ ಮೊದಲು ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಬಂಡೆಮ್ಮನ ರಟ್ಟೆ ಹಿಡಿದು ಒಳಗೆ ಎಳೆದು ಬಾಗಿಲು ಹಾಕಿದಳು.

"ಯಾರ ಮುಂದಾದರೂ ಅಂದೇನು? ನೀ ಯಾರು, ಯಾವೂರಾಕಿ ಅಂತ?"

"ಇಲ್ಲ ಅತ್ತಿಗಿ."

"ಇಲ್ಲಿ ಮಂದಿ ನನ್ನ ಕೈಯ ರೊಟ್ಟಿ ತಿನ್ನತಾರ. ನಿಮ್ಮೂರಾಗ ನನಗ ಏನು ಹೆಸರಿಟ್ಟೀರಿ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನೂ ತಗಂಡು ಹೋಗಾಕ ಬಂದೀಯೇನು?"

ಬಂಡೆಮ್ಮ ಒಳಕೋಣೆಯ ಕಡೆ ನೋಡಿದಳು. "ರಾಧಾ ಎಲ್ಲಿ?" ಎಂದಳು.

ಬಸ್ಸಮ್ಮನ ಮುಖ ಇನ್ನೂ ಬಿಗಿಯಾಯಿತು. "ಹಂಗನ್ನು. ನಿನ್ನ ಮಗಗ ಹೆಣ್ಣು ಕೇಳಾಕ ಬಂದಿ. ಸೋದರತ್ತಿ ಹಕ್ಕು ನೆಪ್ಪಾತೇನು ಈಗ? ಇಲ್ಲಾ ಕುರ್ಯಾಗಿನ ಪಾಲಿಗೆ ಸಹಿ ಬೇಕಾಗೇದೋ?"

"ಎರಡೂ ಅಲ್ಲ. ಆಕಿ ರಕ್ತ ಪರೀಕ್ಷಾ ಮಾಡಸಬೇಕು."

"ಏನು?"

ಒಳಕೋಣೆಯಿಂದ ರಾಧಾ ಬಂದಳು. ದೇವದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು, ಕೈಯಲ್ಲಿ ಪುಸ್ತಕವಿತ್ತು. ಹುಬ್ಬು ಹಾಗೆಯೇ ಇತ್ತು. ಬಂಡೆಮ್ಮ ಚೀಲದ ತಳದಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟಳು. ಹುಡುಗಿ ಮಡಿಕೆ ಬಿಚ್ಚಿ, ಬಾಗಿಲ ಸಂದಿನ ಬೆಳಕಿಗೆ ಹಿಡಿದು ಓದಿದಳು. ಕೆಟ್ಟ ವಂಶವಾಹಿಗೆ ಅದರಲ್ಲಿ ಬರೆದಿದ್ದ ಬ್ಯಾಪ್ ಒನ್ ಎಂಬ ಹೆಸರನ್ನು ಒಮ್ಮೆ ಗಟ್ಟಿಯಾಗಿ ಅಂದಳು. ಗುರ್ತು ಅಳಿಸುವ ಆ ಕಿಣ್ವಕ್ಕಿದ್ದ ಡಿಯುಬಿಕ್ವಿಟಿನೇಟಿಂಗ್ ಎಂಬ ಪದದಲ್ಲಿ ಎರಡು ಸಲ ಎಡವಿದಳು. ಮೊಬೈಲ್ ತೆಗೆದು ಏನೋ ಹುಡುಕಿದಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಒಳಗೆ ಬಂತು, ಬಸ್ಸಮ್ಮ ಕದಲಲಿಲ್ಲ.

"ಯವ್ವಾ," ಎಂದಳು ರಾಧಾ ಕೊನೆಗೆ. "ಅಪ್ಪಗ ಆದದ್ದು ಅವರಪ್ಪನಿಂದ ಬಂದದ್ದು. ಹುಟ್ಟಿನಿಂದ ಇತ್ತು."

ಬಸ್ಸಮ್ಮ ನೆಲದ ಮೇಲೆ ಕೂತಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಳ್ಳಲೂ ಮರೆತಿದ್ದಳು. ಬಂಡೆಮ್ಮನ ಕಡೆ ನೋಡಿ, "ಆ ಬೇರು ಏನಂತ ನೀ ನನ್ನ ಒಂದು ಮಾತು ಕೇಳಿದೇನು?" ಎಂದಳು.

"ಇಲ್ಲ."

"ಮಾನ್ವಿ ಹಕೀಮರು ಕೊಟ್ಟಿದ್ದರು. ನೀರಾಗ ತೇದು ನಿಮ್ಮ ಅಣ್ಣನ ಕಣ್ಣಿಗೆ ಹಚ್ಚು ಅಂತ. ಅಷ್ಟರಾಗ ಕಣ್ಣs ತಗದುಬಿಟ್ಟರು. ಬಿಸಾಡಾಕ ಮನಸಾಗಲಿಲ್ಲ, ಬಟ್ಟ್ಯಾಗ ಸುತ್ತಿ ಸೀರಿ ಕೆಳಗ ಇಟ್ಟೆ."

ಬಂಡೆಮ್ಮ ಗೋಡೆಗೆ ಒರಗಿ ನಿಂತಳು. ರಾಧಾ ಹೊರಗೆ ಹೋಗಿ ಸೀದ ರೊಟ್ಟಿ ತೆಗೆದುಹಾಕಿ, ಹೊಸದೊಂದನ್ನು ಬಡಿದು ಬೇಯಿಸಿ, ಪುಂಡಿಪಲ್ಯ ಹಾಕಿಕೊಂಡು ಬಂದು, "ಅತ್ತಿ, ಬಿಸಲಾಗ ಬಂದೀರಿ, ಉಣ್ರಿ" ಎಂದು ತಟ್ಟೆ ಮುಂದಿಟ್ಟಳು. ಬಂಡೆಮ್ಮ ಕೂತು ಉಂಡಳು.

"ಪರೀಕ್ಷಾಕ್ಕ ನಾ ಹೋಗತೀನಿ" ಎಂದಳು ರಾಧಾ.

"ಹೋಗೋದು ಆಮ್ಯಾಲೆ" ಎಂದಳು ಬಸ್ಸಮ್ಮ. ಧ್ವನಿ ಏರಿರಲಿಲ್ಲ. "ಈಕಿ ಮೊದಲು ಕುರ್ಡಿಯಾಗ ಹೇಳಲಿ. ಅದs ಕಟ್ಟಿ ಮ್ಯಾಲೆ, ಅದs ಮಂದಿ ಮುಂದ, ಭಂಡಾರ ಹಿಡಕೊಂಡು. ನಾ ನಿಂತು ಕೇಳಬೇಕು. ಇಲ್ಲಂದ್ರ ಈ ಕಾಗದಾನೂ ನನಗ ಸುಳ್ಳs. ನಿಮ್ಮ ಮನಿ ಕಾಗದ ನಾ ಯಾಕ ನಂಬಲಿ?"

"ಯವ್ವಾ, ಜೀವದ ಮಾತು ಇದು" ಎಂದಳು ರಾಧಾ.

"ನಂದೂ ಜೀವಾನs ಇತ್ತು."

ಮುಂದಿನ ಭಾನುವಾರ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದ್ದಾಗ ಬಂಡೆಮ್ಮ ಎದ್ದು ನಿಂತಳು. ಸಿದ್ರಾಮ ವಿಷಯ ತಿಳಿದು ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹೋಗಿಬಿಟ್ಟಿದ್ದ. ಬಸ್ಸಮ್ಮ ಮತ್ತು ರಾಧಾ ಬೇವಿನ ಗಿಡದ ಆಚೆ, ಬಿಸಿಲಲ್ಲೇ ನಿಂತಿದ್ದರು. ಯಾರೂ ಅವರನ್ನು ಕೂತುಕೊಳ್ಳಿ ಎನ್ನಲಿಲ್ಲ. ಪೂಜಾರಿ ಹಿಂದುಮುಂದು ನೋಡುತ್ತ ಭಂಡಾರ ಕೊಟ್ಟ. ಅರಿಸಿನದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಂಡೆಮ್ಮ ಹೇಳಿದಳು. ಅಪ್ಪನಿಗೆ, ಅಣ್ಣನಿಗೆ, ತನಗೆ ಬಂದ ರೋಗ ಒಂದೇ. ಅದು ತಮ್ಮ ರಕ್ತದಲ್ಲೇ ಇದೆ. ಬಸ್ಸಮ್ಮ ಏನೂ ಹಾಕಿಲ್ಲ. ಆ ಬೇರು ಕಣ್ಣಿಗೆ ಹಚ್ಚುವ ಔಷಧ. ತಾನು ಅದನ್ನು ಕೇಳದೆ ತಂದು ಇಲ್ಲಿಟ್ಟದ್ದು ತಪ್ಪು.

ಒಬ್ಬ ಮುದುಕ ಎಲೆಅಡಿಕೆ ಉಗಿದು, "ದೇವದುರ್ಗಕ್ಕ ಹೋಗಿದ್ದೇನವ್ವಾ ನೀ?" ಎಂದು ಕೇಳಿದ.

"ಹೋಗಿದ್ದೆ."

"ಈಕಿ ಮನಿಗೆ?"

"ಹೌದು."

"ಅಲ್ಲೇನಾರ ಉಂಡೇನು?"

ಬಂಡೆಮ್ಮನಿಗೆ ಪ್ರಶ್ನೆಯ ತಳ ಅರ್ಥವಾಗುವ ಮುಂಚೆಯೇ ಬಾಯಿಂದ ಉತ್ತರ ಹೊರಟಿತ್ತು. "ರೊಟ್ಟಿ ಉಂಡೆ."

ಕಟ್ಟೆಯ ಉದ್ದಕ್ಕೂ ತಲೆಗಳು ಅಲ್ಲಾಡಿದವು. ಹೆಂಗಸರು ಸೆರಗಿನ ಮರೆಯಲ್ಲಿ ಪಿಸುಗುಟ್ಟಿದರು. "ಈಕಿಗೂ ಹಾಕ್ಯಾಳ ನೋಡು," ಎಂದು ಹಿಂದಿನಿಂದ ಯಾರೋ ಅಂದದ್ದು ಎಲ್ಲರಿಗೂ ಕೇಳಿಸಿತು. "ನಾದಿನಿ ಬಾಯಿಲೆ ಹೆಂಗ ಆಡಸಾಕತ್ತಾಳ!" ಬಂಡೆಮ್ಮ ಕಾಗದ ಎತ್ತಿ ತೋರಿಸಿದಳು. ಅದನ್ನು ಓದಲು ಯಾರೂ ಕೈ ಚಾಚಲಿಲ್ಲ. ಬೇವಿನ ಗಿಡದ ಆಚೆ ಬಸ್ಸಮ್ಮ ಮಗಳ ಕೈ ಹಿಡಿದು ಹೊರಡಲು ತಿರುಗಿದ್ದಳು.

ಆಗ ತಿಮ್ಮವ್ವ ಎದ್ದಳು. ಎಪ್ಪತ್ತು ದಾಟಿದ ಜೀವ. ಗುಡಿಯ ಕಂಬ ಹಿಡಿದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಮುದುಕಿ ಸೊಸೆಯ ಮೇಲೆ ಇನ್ನೊಂದು ಮಾತು ಹೇರುತ್ತಾಳೆ ಎಂದೇ ಎಲ್ಲರೂ ಕಾದರು.

"ನನ್ನ ಗಂಡ ಬೂದೆಪ್ಪ ಸತ್ತಾಗ ಈಕಿ ಇನ್ನೂ ನಮ್ಮ ಮನಿಗೆ ಬಂದಿರಲಿಲ್ಲ" ಎಂದಳು ತಿಮ್ಮವ್ವ.

ಮುದುಕ ಬೇರೆ ಕಡೆ ನೋಡಿದ.

"ಯಾಕ ಮಾರಿ ತಿರುವುತೀಯೋ ಯಪ್ಪಾ? ಆವಾಗ ನನ್ನ ಮ್ಯಾಲೆ ಅಂದಿದ್ರಿ. ನಾನs ಮದ್ದು ಹಾಕೀನಿ ಅಂತ ಬಾವಿ ಕಟ್ಟಿ ಮ್ಯಾಲೆ, ಹೊಲದಾಗ, ಎಲ್ಲಾ ಕಡಿ ಅಂದ್ರಿ. ಎರಡು ವರ್ಷ ನನ್ನ ಕೈಯಾಗಿನ ನೀರು ಯಾರೂ ಮುಟ್ಟಲಿಲ್ಲ. ಈಕಿ ಸೊಸಿಯಾಗಿ ಬಂದ ಮ್ಯಾಲೆ ಬಿಟ್ರಿ."

ಬಂಡೆಮ್ಮ ತಾಯಿಯ ಕಡೆ ತಿರುಗಿದಳು. ಅಪ್ಪ ಸತ್ತಾಗ ಅವಳು ಸಣ್ಣ ಹುಡುಗಿ; ಈ ಮಾತನ್ನು ಅವಳ ಮುಂದೆ ಯಾರೂ ಯಾವತ್ತೂ ಆಡಿರಲಿಲ್ಲ. ಆಡಿದ್ದರೆ ಆ ಟ್ರಂಕು ತೆಗೆಯುತ್ತಿದ್ದೆನೇ ಎಂದು ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡಳು.

"ಮಗ ಸತ್ತಾಗ ನಾನs ಮೊದಲು ಈಕಿ ಮ್ಯಾಲೆ ಅಂದೆ. ನನ್ನ ಮ್ಯಾಗಿಂದು ಹೋಗಬೇಕಾಗಿತ್ತು ನನಗ," ಎಂದಳು ತಿಮ್ಮವ್ವ. ಹಾಗೆ ಅಂದವಳೇ ಕಂಬದ ಬುಡದಲ್ಲಿ ಕುಸಿದು ಕೂತಳು. ಜನ ಒಬ್ಬೊಬ್ಬರಾಗಿ ಎದ್ದರು. ನಂಬಿದವರು ಯಾರು, ನಂಬದವರು ಯಾರು ಎಂದು ಬೆನ್ನು ನೋಡಿ ಹೇಳುವಂತಿರಲಿಲ್ಲ. ಬಸ್ಸಮ್ಮ ಅತ್ತೆಯ ಹತ್ತಿರ ಬರಲಿಲ್ಲ. ಬಂಡೆಮ್ಮನ ಹತ್ತಿರವೂ ಬರಲಿಲ್ಲ. ಗಿಡದ ಕೆಳಗಿನಿಂದಲೇ, "ಯಾವಾಗ ಹೋಗಬೇಕು ರಾಯಚೂರಿಗೆ?" ಎಂದು ಕೇಳಿದಳು.

ಕಲ್ಮಲದವರು ಆ ವಾರವೇ ಹೇಳಿಕಳಿಸಿದರು, ನಿಶ್ಚಯ ಸದ್ಯಕ್ಕೆ ಬೇಡ, ಮುಂದೆ ನೋಡೋಣ ಎಂದು. ಸಿದ್ರಾಮ ಹೆಂಡತಿಯ ಜೊತೆ ಮಾತು ಬಿಟ್ಟ. ವಿನೋದ ಮಾತು ಬಿಡಲಿಲ್ಲ, ಆದರೆ ರಕ್ತ ಕೊಡಲೂ ಬರಲಿಲ್ಲ. ಓಣಿಯ ಹೆಂಗಸರು ಬಂಡೆಮ್ಮ ಎದುರಾದಾಗ ಅವಳ ಕಣ್ಣಿನ ಬಣ್ಣ, ಉಗುರಿನ ಬಣ್ಣ ನೋಡುತ್ತಿದ್ದರು. ಮದ್ದು ಏರಿದೆಯೇ ಎಂದು ನೋಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಕಾಲಕ್ಕೆ ತಾನೂ ಹಾಗೆಯೇ ನೋಡಿದವಳು.

ರಾಧಾ ರಕ್ತ ಕೊಟ್ಟು ನಾಲ್ಕು ವಾರಕ್ಕೆ ಫಲಿತಾಂಶ ಬಂತು. ಮೂವರೂ ರಾಯಚೂರಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಕೂಡಿದರು. ಬಸ್ಸಮ್ಮ ಬಂಡೆಮ್ಮನ ಪಕ್ಕದ ಕುರ್ಚಿ ಬಿಟ್ಟು ಅದರಾಚೆಯ ಕುರ್ಚಿಯಲ್ಲಿ ಕೂತಳು. ನಡುವೆ ರಾಧಾ ಕೂತಳು. ಮೊದಲು ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ಎರಡೂ ಕಣ್ಣುಗಳನ್ನು ಅರ್ಧ ಗಂಟೆ ನೋಡಿದರು. ಏನೂ ಇಲ್ಲ, ಸ್ವಚ್ಛವಾಗಿವೆ ಎಂದರು. ಬಸ್ಸಮ್ಮ, "ಖರೇನs ಹೇಳಾಕತ್ತೀರಾ?" ಎಂದು ಎರಡು ಸಲ ಕೇಳಿದಳು.

ಆಮೇಲೆ ಅನ್ವರಿ ಬೇಗಂ ಅವರ ಕೋಣೆ. ಅವರು ಮಾತು ಸುತ್ತಿಬಳಸಲಿಲ್ಲ. "ರಾಧಾ, ನಿನಗ ಬಂದದ. ರೋಗ ಅಲ್ಲ, ರೋಗದ ದಾರಿ ಅಷ್ಟs. ಆರು ತಿಂಗಳಿಗೊಮ್ಮೆ ಕಣ್ಣು, ವರ್ಷಕ್ಕೊಮ್ಮೆ ಹೊಟ್ಟಿ. ತಪ್ಪಿಸಂಗಿಲ್ಲ. ನಿಮ್ಮ ಅತ್ತಿದು ಸಿಕ್ಕಂಗ ಬೇಗ ಸಿಕ್ಕರ ತಗದು ಒಗೀಬಹುದು."

ರಾಧಾ ತಲೆ ಅಲ್ಲಾಡಿಸಿದಳು. ಹನಿ ಹಾಕಿದ ಕಣ್ಣು ಬೆಳಕಿಗೆ ಕಿರಿದಾಗಿ ನೀರಾಡುತ್ತಿತ್ತು. ಅವಳು ಅಳುತ್ತಿದ್ದಾಳೋ ಇಲ್ಲವೋ ಬಂಡೆಮ್ಮನಿಗೆ ತಿಳಿಯಲಿಲ್ಲ. ಡಾಕ್ಟರು ಹೊಸ ಫೈಲು ತೆರೆದು, ಬಿಳಿ ಹಾಳೆಯ ಮೇಲೆ ಮನೆತನದ ಚಿತ್ರ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ರೋಗ ಬಂದವರದಕ್ಕೆ ಒಳಗೆಲ್ಲ ಕಪ್ಪು. ಮೇಲೆ ಬೂದೆಪ್ಪನ ಚೌಕ, ಕಪ್ಪು. ಕೆಳಗೆ ಸೂಗಪ್ಪನದು, ಕಪ್ಪು. ಪಕ್ಕದಲ್ಲಿ ಬಂಡೆಮ್ಮನ ದುಂಡು, ಅದೂ ಕಪ್ಪು. ಸೂಗಪ್ಪನ ಇನ್ನೊಂದು ಬದಿಗೆ ಗೆರೆ ಎಳೆದು ಒಂದು ದುಂಡು ಬರೆದು ಹಾಗೆಯೇ ಬಿಟ್ಟರು.

ಬಸ್ಸಮ್ಮ ಮುಂದೆ ಬಗ್ಗಿದಳು. "ಇದ್ಯಾರು?"

"ನೀವು."

"ಇದಕ್ಕ ಯಾಕ ಏನೂ ತುಂಬಿಲ್ಲ?"

"ನಿಮ್ಮ ಕಡಿಂದ ಏನೂ ಬಂದಿಲ್ಲ ಯವ್ವಾ. ಅದಕ್ಕ ಖಾಲಿ."

ಬಸ್ಸಮ್ಮ ಆ ಖಾಲಿ ದುಂಡನ್ನು ನೋಡುತ್ತಲೇ ಇದ್ದಳು. ಬಂಡೆಮ್ಮ ನೆಲ ನೋಡಿದಳು. ಡಾಕ್ಟರು ಕೆಳಗಿನ ಸಾಲಿನಲ್ಲಿ ಇನ್ನೊಂದು ದುಂಡು ಬರೆದು, ಪಕ್ಕದಲ್ಲಿ ರಾಧಾ ಎಂದು ಬರೆದರು. "ರೋಗ ಬಂದಿಲ್ಲ, ಎಳಿಯಾಗ ಮಾತ್ರ ಅದ ಅಂತ ಇದರ ನಡುವ ಒಂದು ಚುಕ್ಕಿ ಇಡಬೇಕಾಗತದ" ಎನ್ನುತ್ತ ಪೆನ್ನು ಇಳಿಸಿದರು.

ಬಸ್ಸಮ್ಮ ಕೈ ಚಾಚಿ ಹಾಳೆಯ ಮೇಲೆ ಅಂಗೈ ಇಟ್ಟುಬಿಟ್ಟಳು. ರೊಟ್ಟಿ ಹಂಚಿಗೆ ಸುಟ್ಟುಕೊಂಡ ಗಾಯಗಳ ಆ ಕೈಯ ಕೆಳಗೆ ಮಗಳ ಹೆಸರು, ದುಂಡು ಎಲ್ಲ ಮುಚ್ಚಿಹೋಯಿತು.

"ನನ್ನದರಾಗ ಇಡ್ರಿ," ಎಂದಳು. "ನನ್ನದು ಖಾಲಿ ಅದಲ್ಲ. ಅದರಾಗ ಇಡ್ರಿ."

ಡಾಕ್ಟರು ಪೆನ್ನನ್ನು ಹಾಗೆಯೇ ಎತ್ತಿ ಹಿಡಿದು ಕೂತರು. ರಾಧಾ ತಾಯಿಯ ಮಣಿಕಟ್ಟನ್ನು ಹಿಡಿದಳು, ಎಳೆಯಲಿಲ್ಲ. ಹೊರಗೆ ಯಾರದೋ ಹೆಸರು ಕೂಗಿದರು, ಇನ್ನೊಮ್ಮೆ ಕೂಗಿದರು. ಕೈ ಕಾಗದದ ಮೇಲೆಯೇ ಇತ್ತು.